ಗಾಯಕ್ಕೆ ಗಾಳಿ ಬೇಕೋ, ಪಟ್ಟಿ ಬೇಕೋ?

ಮಳೆ ಹಿಡಿದ ಮೇಲೆ ಹಾಸನ, ಚಿಕ್ಕಮಗಳೂರು ಕಡೆಯ ಓದುಗರಿಂದ ಬಂದ ಪತ್ರಗಳಲ್ಲಿ ಗಾಯದ ಪ್ರಶ್ನೆಗಳೇ ಜಾಸ್ತಿ. ಕತ್ತಿ ತಾಗಿದ್ದು, ಅಂಗಳದಲ್ಲಿ ಜಾರಿ ಬಿದ್ದದ್ದು, ಆಪರೇಷನ್ ಹೊಲಿಗೆ, ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣು, ಎಲ್ಲವೂ ಇವೆ. ಮುಕ್ಕಾಲು ಪಾಲು ಪತ್ರಗಳು ಕೇಳುವುದು ‘ಏನು ಹಚ್ಚಬೇಕು?’ ಎಂದು. ಉತ್ತರ ಓದುವ ಮುಂಚೆ ಒಂದು ವಿಷಯ ತಿಳಿದಿರಲಿ. ಗಾಯ ಮಾಯಿಸುವುದು ದೇಹವೇ. ಪಟ್ಟಿ ಕೆಲವು ದಿನದ ಮಟ್ಟಿಗೆ ಚರ್ಮದ ಕೆಲಸ ವಹಿಸಿಕೊಳ್ಳುತ್ತದೆ: ಹೊರಗಿನ ಕೊಳೆಯನ್ನು ತಡೆಯುತ್ತದೆ, ಒಳಗಿನ ಪಸೆ ಆರದಂತೆ ಕಾಯುತ್ತದೆ, ಹೆಚ್ಚಾದ ರಸಿಗೆಯನ್ನು ಹೀರುತ್ತದೆ. ಈ ಮೂರಕ್ಕೆ ಅಡ್ಡಿ ಮಾಡುವ ಯಾವುದನ್ನು ಹಚ್ಚಿದರೂ ಗಾಯ ಮಾಯುವುದು ತಡವಾಗುತ್ತದೆ.

ಪ್ರಶ್ನೆ: ತೋಟದಲ್ಲಿ ಆಳುಗಳಿಗೆ ಕತ್ತಿ ತಾಗಿದರೆ ಮೊದಲು ಕಾಫಿಪುಡಿ ಒತ್ತುತ್ತೇವೆ. ರಕ್ತ ನಿಂತೇ ನಿಲ್ಲುತ್ತದೆ. ಆದರೆ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಅಲ್ಲಿಯವರು ಬೇಜಾರು ಮಾಡಿಕೊಳ್ಳುತ್ತಾರೆ. ಇದರಲ್ಲಿ ತಪ್ಪೇನಿದೆ?
— ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ರಕ್ತ ನಿಲ್ಲುವುದು ನಿಜ. ಆದರೆ ನಿಲ್ಲಿಸಿದ್ದು ಪುಡಿಯಲ್ಲ, ನೀವು ಒತ್ತಿ ಹಿಡಿದ ಕೈ. ಪುಡಿ ಇಲ್ಲದೆ ಅಷ್ಟೇ ಹೊತ್ತು ಒತ್ತಿದ್ದರೂ ನಿಲ್ಲುತ್ತಿತ್ತು.

ಆಮೇಲೆ ಏನಾಗುತ್ತದೆ ನೋಡಿ. ಪುಡಿ ರಕ್ತದಲ್ಲಿ ನೆನೆದು ಕಪ್ಪು ಹೆಂಟೆಯಾಗಿ ಗಾಯದೊಳಗೆ ಕೂರುತ್ತದೆ. ಎಷ್ಟು ಆಳ, ಒಳಗೆ ಸ್ನಾಯುವಿನ ಬಳ್ಳಿ ತುಂಡಾಗಿದೆಯೇ, ನರಕ್ಕೆ ಪೆಟ್ಟಾಗಿದೆಯೇ ಎಂದು ಕಣ್ಣಿಗೆ ಕಾಣುವುದಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸಲೈನ್ ಹಾಯಿಸಿ, ಇಕ್ಕಳದಲ್ಲಿ ಒಂದೊಂದೇ ಕಣ ತೆಗೆಯಬೇಕು. ಉಳಿದ ಒಂದೊಂದು ಕಣವೂ ರೋಗಾಣುವಿಗೆ ಅಡಗುದಾಣ. ಗಾಯದೊಳಗೆ ಒಂದು ತುಂಡು ಹೊಲಿಗೆ ದಾರ ಇದ್ದರೂ ಸಾಕು, ನಂಜಾಗಲು ಬೇಕಾದ ರೋಗಾಣುಗಳ ಸಂಖ್ಯೆ ಸಾವಿರಾರು ಪಟ್ಟು ಇಳಿಯುತ್ತದೆ ಎಂಬುದು 1950ರ ದಶಕದಲ್ಲೇ ಪ್ರಯೋಗದಿಂದ ಗೊತ್ತಾದ ಸಂಗತಿ. ಕಾಫಿಪುಡಿಯಲ್ಲಿ ಅಂಥ ಕಣಗಳು ಎಷ್ಟಿರಬೇಡ! ಅರಿಶಿನ, ಸುಣ್ಣ, ಹೊಗೆಸೊಪ್ಪು, ಜಜ್ಜಿದ ಸೊಪ್ಪು, ಒಲೆಬೂದಿ ಎಲ್ಲಕ್ಕೂ ಇದೇ ಮಾತು. ಮಣ್ಣು, ಸಗಣಿ ತಾಗಿದ ಯಾವುದರಲ್ಲೂ ಧನುರ್ವಾಯುವಿನ ಬೀಜಾಣು ಇರಬಹುದು.

ಮಾಡಬೇಕಾದದ್ದು ಇಷ್ಟು. ಒಗೆದ ಬಟ್ಟೆಯನ್ನು ಮಡಿಚಿ ಗಾಯದ ಮೇಲಿಟ್ಟು ಅಂಗೈಯಿಂದ ಬಿಗಿಯಾಗಿ ಒತ್ತಿ. ಗಡಿಯಾರ ನೋಡಿಕೊಂಡು ಪೂರಾ 10 ನಿಮಿಷ. ‘ನಿಂತಿತೇ’ ಎಂದು ನಡುವೆ ಎತ್ತಿ ನೋಡಬೇಡಿ, ಎತ್ತಿದ ಕೂಡಲೇ ಕಟ್ಟಿಕೊಳ್ಳುತ್ತಿದ್ದ ಹೆಪ್ಪು ಕಿತ್ತು ಬರುತ್ತದೆ. ಕೈಯೋ ಕಾಲೋ ಆದರೆ ಎದೆಗಿಂತ ಮೇಲೆ ಎತ್ತಿ ಹಿಡಿಯಿರಿ. ಬಟ್ಟೆ ನೆನೆದರೆ ಅದನ್ನು ತೆಗೆಯದೆ ಅದರ ಮೇಲೆ ಇನ್ನೊಂದು ಇಡಿ. ರಕ್ತ ಚಿಮ್ಮುತ್ತಿದ್ದರೆ ಒತ್ತಿದ ಕೈ ಬಿಡದೆ 108ಕ್ಕೆ ಫೋನ್ ಮಾಡಿಸಿ. ಚುಚ್ಚಿಕೊಂಡ ಕಡ್ಡಿ, ಕಬ್ಬಿಣದ ತುಂಡು ಆಳಕ್ಕೆ ಹೋಗಿದ್ದರೆ ಕೀಳಬೇಡಿ, ಅಲುಗದಂತೆ ಸುತ್ತ ಬಟ್ಟೆ ಒತ್ತಿಟ್ಟು ಹಾಗೇ ಕರೆದೊಯ್ಯಿರಿ.

ಸಣ್ಣ ಗಾಯದಲ್ಲಿ ರಕ್ತ ನಿಂತ ಮೇಲೆ ಕುಡಿಯುವ ನೀರನ್ನು 5ರಿಂದ 10 ನಿಮಿಷ ಧಾರೆಯಾಗಿ ಹಾಯಿಸಿ. ಗಾಯದ ಬಾಯಿ ಬಿಟ್ಟುಕೊಂಡಿದ್ದರೆ, ಬೆರಳು ಮಡಿಚಲು ಆಗದಿದ್ದರೆ, ತುದಿ ಜೋಮು ಹಿಡಿದಿದ್ದರೆ ಹೊಲಿಗೆಗೆ ಹೋಗಲೇಬೇಕು, ಆದಷ್ಟೂ 6ರಿಂದ 8 ಗಂಟೆಯೊಳಗೆ. ವೀಡ್ ಕಟ್ಟರ್‌ಗೆ ಸಿಕ್ಕಿ ಬೆರಳೇ ತುಂಡಾಗಿದ್ದರೆ ಆ ತುಂಡನ್ನು ಒದ್ದೆ ಗಾಜ್ (ಗಾಯಕ್ಕೆ ಬಳಸುವ ಜಾಳು) ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಆ ಕವರನ್ನು ಐಸು ಬೆರೆಸಿದ ನೀರಿನಲ್ಲಿಡಿ. ಐಸು ನೇರ ತಾಗಿದರೆ ಮಾಂಸ ಸಾಯುತ್ತದೆ, ಮತ್ತೆ ಜೋಡಿಸಲು ಬರುವುದಿಲ್ಲ.

ಆಳುಮನೆಗಳ ಲೈನಿನಲ್ಲೋ ಗೋಡೌನಿನಲ್ಲೋ ಒಂದು ಡಬ್ಬಿ ಇರಲಿ: 10 ಸೆಂ.ಮೀ. ಚೌಕದ ಸ್ಟೆರೈಲ್ (ರೋಗಾಣು ಇಲ್ಲದಂತೆ ಮಾಡಿದ) ಗಾಜ್ ಪೊಟ್ಟಣ ಹತ್ತು, 5 ಮತ್ತು 10 ಸೆಂ.ಮೀ. ಅಗಲದ ಸುತ್ತುಪಟ್ಟಿ, ಪೇಪರ್ ಟೇಪು, 500 ಮಿ.ಲೀ. ಸಲೈನ್, ಕೈಗವಸು, ಕತ್ತರಿ. ಮಲೆನಾಡಿಗೇ ಸೇರಿದ ಒಂದು ಎಚ್ಚರಿಕೆ: ಗಾಜ್ ಪೊಟ್ಟಣದ ಕಾಗದಕ್ಕೆ ಥಂಡಿ ಹತ್ತಿ ಮೆತ್ತಗಾದರೆ ಅದು ಆಮೇಲೆ ಸ್ಟೆರೈಲ್ ಅಲ್ಲ. ತೇವದ ಜೊತೆಗೆ ರೋಗಾಣುವೂ ಕಾಗದ ದಾಟುತ್ತದೆ. ಜೂನ್‌ಗೆ ಮುಂಚೆ ಗಾಳಿಯಾಡದ ಡಬ್ಬಿಗೆ ಹಾಕಿಡಿ, ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು ನೋಡಿ.

ಪ್ರಶ್ನೆ: ಮಗಳು ಸ್ಕೂಲಿನಲ್ಲಿ ಬಿದ್ದು ಮಂಡಿ ತರಚಿಕೊಂಡಿದ್ದಾಳೆ. ನಮ್ಮತ್ತೆ ‘ಗಾಳಿಗೆ ಬಿಡು, ಹಕ್ಕಳೆ ಕಟ್ಟಲಿ’ ಅಂತಾರೆ. ಮೆಡಿಕಲ್ ಶಾಪಿನವರು ಮುಚ್ಚಿ ಅಂತಾರೆ. ಯಾರ ಮಾತು ಕೇಳಲಿ?
— ಗೃಹಿಣಿ, ಹಾಸನ

ಉತ್ತರ: ಮುಚ್ಚಿ. ನಿಮ್ಮ ಅತ್ತೆಯವರು ಹೇಳಿದ್ದು ಒಂದು ಕಾಲದಲ್ಲಿ ವೈದ್ಯರೂ ಹೇಳುತ್ತಿದ್ದ ಮಾತೇ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಬ್ರಿಟಿಷ್ ವಿಜ್ಞಾನಿ ಹಂದಿಗಳ ಮೇಲೆ ಒಂದೇ ಅಳತೆಯ ಗಾಯ ಮಾಡಿ, ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ತೆಳು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ನೋಡಿದರು. ಮುಚ್ಚಿದ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತ್ತು.

ಕಾರಣ ಹೀಗಿದೆ. ಹೊಸ ಚರ್ಮದ ಜೀವಕಣಗಳು ಗಾಯದ ಅಂಚಿನಿಂದ ಒಳಮುಖವಾಗಿ ತೆವಳುತ್ತಾ ಬರುತ್ತವೆ. ತೆವಳಲು ಪಸೆ ಬೇಕು. ಗಾಳಿಗೆ ಬಿಟ್ಟರೆ ಮೇಲ್ಮೈ ಒಣಗಿ ಹಕ್ಕಳೆಯಾಗುತ್ತದೆ, ಕಣಗಳು ಅದರಡಿಗೆ ಸುರಂಗ ಕೊರೆದಂತೆ ಇಳಿದು ಪಸೆ ಹುಡುಕಿಕೊಂಡು ಹೋಗಬೇಕು. ಮಡಿಚುವ ಮಂಡಿಯ ಮೇಲಾದರೆ ಹಕ್ಕಳೆ ದಿನಕ್ಕೆ ಹತ್ತು ಸಲ ಬಿರಿಯುತ್ತದೆ, ಪ್ರತಿ ಸಲವೂ ಮೊದಲಿನಿಂದ ಶುರು.

ತರಚಿದ ಜಾಗವನ್ನು ನೀರಿನಲ್ಲಿ ತೊಳೆದು, ಟಾರಿನ ಕಪ್ಪು ಹರಳುಗಳನ್ನು ಒದ್ದೆ ಗಾಜ್‌ನಿಂದ ಮೆಲ್ಲಗೆ ಒರೆಸಿ ತೆಗೆಯಿರಿ. ಬಿಟ್ಟರೆ ಹಚ್ಚೆ ಹಾಕಿದಂತೆ ಚರ್ಮದಡಿ ಕಪ್ಪು ಕಲೆ ಉಳಿಯುತ್ತದೆ. ತೆಳ್ಳಗೆ ವ್ಯಾಸಲಿನ್ ಸವರಿ, ಅಂಟದ ಪ್ಯಾಡ್ ಇಟ್ಟು ಟೇಪು ಹಾಕಿ. ಒಂದೆರಡು ದಿನಕ್ಕೊಮ್ಮೆ, ಇಲ್ಲವೇ ನೆನೆದಾಗ, ಬದಲಿಸಿ. ಪಸೆ ಎಂದರೆ ಒದ್ದೆ ಅಲ್ಲ ಎಂಬುದೂ ನೆನಪಿರಲಿ. ಪಾತ್ರೆ ತೊಳೆದ ಬೆರಳಿನ ಹಾಗೆ ಸುತ್ತಲಿನ ಚರ್ಮ ಬೆಳ್ಳಗಾಗಿ ಸುಕ್ಕುಗಟ್ಟಿದ್ದರೆ ಪಟ್ಟಿ ಹೆಚ್ಚು ಹೊತ್ತು ಇತ್ತು ಎಂದರ್ಥ. ಈಗಾಗಲೇ ಹಕ್ಕಳೆ ಕಟ್ಟಿ ಒಣಗಿದ್ದರೆ ಕೀಳಬೇಡಿ, ತಾನಾಗಿ ಉದುರಲಿ.

ಪ್ರಶ್ನೆ: ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಗಿ ಹೊಲಿಗೆಯ ಒಂದು ಕಡೆ ಬಿಟ್ಟುಕೊಂಡಿದೆ. ದಿನಾ ಡ್ರೆಸ್ಸಿಂಗ್‌ಗೆ ಬಸ್ಸಿನಲ್ಲಿ ಕರೆದೊಯ್ಯುವುದು ಕಷ್ಟ. ಮನೆಯಲ್ಲೇ ಮಾಡಿ ಎಂದಿದ್ದಾರೆ. ಸರಿಯಾದ ಕ್ರಮ ತಿಳಿಸಿ.
— ಓದುಗರು, ಬೇಲೂರು

ಉತ್ತರ: ಮಾಡಬಹುದು. ಒಂದೆರಡು ಸಲ ಆಸ್ಪತ್ರೆಯ ಸಿಸ್ಟರ್ ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ, ಒಂದು ಸಲ ಅವರೆದುರು ನೀವೇ ಮಾಡಿ. ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು, ಗಾಯದೊಳಗೆ ಗಾಜ್ ತುಂಬಬೇಕೇ ಎಂಬ ಎರಡನ್ನು ಮಾತ್ರ ಅವರನ್ನೇ ಕೇಳಿ ಬರೆದುಕೊಳ್ಳಿ.

ಕಸ ಗುಡಿಸಿದ ಕೂಡಲೇ ಕೂರಬೇಡಿ, ಧೂಳು ಇಳಿಯಲು ಅರ್ಧ ಗಂಟೆ ಬಿಡಿ. ಫ್ಯಾನ್ ಆರಿಸಿ. ಬೇಕಾದ್ದೆಲ್ಲ ಒಂದು ತಟ್ಟೆಯಲ್ಲಿ ಜೋಡಿಸಿ: ಸ್ಟೆರೈಲ್ ಗಾಜ್, ಸಲೈನ್, ಟೇಪು, ಕೈಗವಸು, ಹಳೆಯ ಪಟ್ಟಿ ಹಾಕಲು ಒಂದು ಕವರು. ಟೇಪನ್ನು ಮೊದಲೇ ನಾಲ್ಕು ತುಂಡು ಮಾಡಿ ತಟ್ಟೆಯ ಅಂಚಿಗೆ ಅಂಟಿಸಿಡಿ. ಆಮೇಲೆ ಕೈಗೆ ಸೋಪು ಹಾಕಿ, ಬೆರಳ ಸಂದು, ಉಗುರಿನಡಿ, ಹೆಬ್ಬೆರಳು ಎಲ್ಲ ಸೇರಿ ಅರ್ಧ ನಿಮಿಷಕ್ಕೆ ಕಡಿಮೆ ಇಲ್ಲದಂತೆ ತೊಳೆಯಿರಿ. ಉಂಗುರ, ಬಳೆ ತೆಗೆದಿಡಿ.

ಹಳೆಯ ಪಟ್ಟಿ ತೆಗೆಯುವ ಹಂತದಲ್ಲೇ ಹೆಚ್ಚು ಅನಾಹುತ. ಒಣಗಿದ ಗಾಜ್‌ನ ನೂಲಿನ ಕಣ್ಣುಗಳೊಳಗೆ ಹೊಸ ಮಾಂಸ ಬೆಳೆದು ಹಿಡಿದುಕೊಂಡಿರುತ್ತದೆ. ಒಂದೇ ಸೆಳೆತಕ್ಕೆ ಎಳೆದರೆ ಕೆಂಪು ಹಾಸಿನ ಮೇಲೆ ಸೂಜಿಮೊನೆಯಷ್ಟು ರಕ್ತದ ಚುಕ್ಕಿಗಳು ಒಂದೊಂದಾಗಿ ಮೂಡುವುದನ್ನು ನೀವೇ ಕಾಣುತ್ತೀರಿ. ಆ ಒಂದೊಂದು ಚುಕ್ಕಿಯೂ ಹರಿದುಹೋದ ಹೊಸ ರಕ್ತನಾಳ, ಎರಡು ದಿನದ ದುಡಿಮೆ. ಹಾಗಾಗಿ ಸಲೈನ್ ಸುರಿದು ಐದು ನಿಮಿಷ ನೆನೆಯಲು ಬಿಡಿ. ಟೇಪನ್ನು ಮೇಲಕ್ಕೆ ಕೀಳದೆ, ಒಂದು ಕೈಯಿಂದ ಚರ್ಮ ಒತ್ತಿಹಿಡಿದು, ಚರ್ಮಕ್ಕೆ ಸಮನಾಗಿ ಹಿಂದಕ್ಕೆ ಸುರುಳಿಯಂತೆ ಬಿಡಿಸಿ. ವಯಸ್ಸಾದವರ ಚರ್ಮ ಟೇಪಿನ ಜೊತೆಗೇ ಸುಲಿದು ಬರುವುದುಂಟು.

ಹಳೆಯದನ್ನು ಕವರಿಗೆ ಹಾಕಿದ ಮೇಲೆ ಇನ್ನೊಮ್ಮೆ ಕೈ ತೊಳೆದು ಹೊಸ ಕೈಗವಸು ಹಾಕಿ. ಈ ಎರಡನೇ ಸಲವನ್ನು ಮನೆಗಳಲ್ಲಿ ಬಿಟ್ಟುಬಿಡುತ್ತಾರೆ, ನಂಜು ದಾಟುವ ದಾರಿ ಅದೇ. ಗಾಯವನ್ನು ಸಲೈನ್‌ನಿಂದ ತೊಳೆಯಿರಿ. ಒಂದು ಗಾಜ್ ತುಂಡಿನಿಂದ ಒಂದೇ ಸಲ ಒರೆಸಿ, ಎಸೆದು, ಹೊಸದು ತೆಗೆದುಕೊಳ್ಳಿ. ಶುದ್ಧ ಕಡೆಯಿಂದ ಕೊಳೆ ಕಡೆಗೆ ಹೋಗಬೇಕು: ಹೊಲಿಗೆ ಕೂಡಿರುವ ಭಾಗ ಮೊದಲು, ಬಿಟ್ಟುಕೊಂಡ ಭಾಗ ಕೊನೆಗೆ. ಸುತ್ತಲಿನ ಚರ್ಮವನ್ನು ಒಣ ಗಾಜ್ ಒತ್ತಿ ಒಣಗಿಸಿ. ಒಳಗೆ ತುಂಬಲು ಹೇಳಿದ್ದರೆ ಸಲೈನ್‌ನಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆಯನ್ನು ಸಡಿಲವಾಗಿ ತುಂಬಿ. ತುರುಕಿದರೆ ರಕ್ತ ಓಡಾಟ ನಿಲ್ಲುತ್ತದೆ, ರಸಿಗೆಯೂ ಹೊರಬರುವುದಿಲ್ಲ. ಒಂದೇ ಉದ್ದ ಗಾಜ್ ಬಳಸಿ, ತುದಿ ಹೊರಗೆ ಕಾಣುವಂತಿರಲಿ. ತುಂಡು ತುಂಡು ತುಂಬಿದರೆ ಒಂದು ಒಳಗೇ ಉಳಿದುಹೋಗುವ ಅಪಾಯವಿದೆ. ಹತ್ತಿಯನ್ನು ಗಾಯಕ್ಕೆ ನೇರ ಇಡಲೇಬೇಡಿ, ಎಳೆ ಬಿಟ್ಟುಕೊಳ್ಳುತ್ತದೆ. ಮೇಲಿನ ಪ್ಯಾಡ್ ಗಾಯದ ಅಂಚಿನಿಂದ ಎಲ್ಲ ಕಡೆ 2-3 ಸೆಂ.ಮೀ. ಆಚೆಗಿರಲಿ. ಟೇಪಿನ ಮೇಲೆ ಪೆನ್ನಿನಲ್ಲಿ ತಾರೀಕು, ಹೊತ್ತು ಬರೆಯಿರಿ.

ಸಲೈನ್ ಸಿಗದಿದ್ದರೆ 1 ಲೀಟರ್ ನೀರನ್ನು ಚೆನ್ನಾಗಿ ಕುದಿಸಿ, ಒಂದೂವರೆ ಚಹಾ ಚಮಚ (ಸುಮಾರು 9 ಗ್ರಾಂ) ಉಪ್ಪು ಕರಗಿಸಿ, ಮುಚ್ಚಿ ತಣಿಸಿ. ಅದೇ ದಿನ ಬಳಸಿ, ಉಳಿದದ್ದು ಚೆಲ್ಲಿ. ಹಳೆಯ ಪಟ್ಟಿಯನ್ನು ಪೇಪರಿನಲ್ಲಿ ಸುತ್ತಿ ಕವರಿನಲ್ಲಿ ಗಂಟು ಹಾಕಿ ಬೇರೆಯಾಗಿಯೇ ಕೊಡಿ, ಗೊಬ್ಬರದ ಗುಂಡಿಗೆ ಎಸೆದರೆ ನಾಯಿ ಎಳೆದಾಡುತ್ತದೆ.

ಹೊಲಿಗೆ ಬಿಡದೆ ಚೆನ್ನಾಗಿ ಕೂಡಿಕೊಂಡಿರುವವರಿಗೆ ಇಷ್ಟೆಲ್ಲ ಬೇಡ. ಆಪರೇಷನ್ ಆದ ಮೊದಲ 48 ಗಂಟೆ ಪಟ್ಟಿ ಮುಟ್ಟಬೇಡಿ. ಅಷ್ಟರಲ್ಲಿ ಅಂಚುಗಳು ಬೆಸೆದಿರುತ್ತವೆ, ಆಮೇಲೆ ಮೈಮೇಲೆ ನೀರು ಹುಯ್ದುಕೊಂಡು ಸ್ನಾನ ಮಾಡಬಹುದು. ಕೆರೆ, ತೊಟ್ಟಿಯಲ್ಲಿ ಮುಳುಗುವುದು ಬೇಡ.

ಪ್ರಶ್ನೆ: ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬುರುಗು ಬರುತ್ತದೆ, ಕೊಳೆ ಹೋಗುತ್ತಿದೆ ಅನ್ನಿಸುತ್ತದೆ. ದಿನಾ ಹಾಕಬಹುದೇ? ಡೆಟಾಲ್, ಸ್ಪಿರಿಟ್?
— ಓದುಗರು, ಕಡೂರು

ಉತ್ತರ: ಬುರುಗು ಕೊಳೆಯದಲ್ಲ. ನಮ್ಮ ರಕ್ತ ಮತ್ತು ಜೀವಕಣಗಳಲ್ಲಿರುವ ಒಂದು ಕಿಣ್ವ ಪೆರಾಕ್ಸೈಡನ್ನು ಒಡೆದಾಗ ಹೊರಡುವ ಆಮ್ಲಜನಕ ಅದು. ರೋಗಾಣುವಿನ ಜೊತೆಗೆ ಹೊಸ ಮಾಂಸ ಕಟ್ಟುವ ಕಣಗಳೂ ಸಾಯುತ್ತವೆ. ಸ್ಪಿರಿಟ್ ಇರುವುದು ಇಂಜೆಕ್ಷನ್‌ಗೆ ಮುಂಚೆ ಚರ್ಮ ಒರೆಸಲು, ತೆರೆದ ಗಾಯಕ್ಕಲ್ಲ. ನೀರು ಬೆರೆಸದ ಡೆಟಾಲ್ ಚರ್ಮ ಸುಡುತ್ತದೆ. ಮಣ್ಣು ತಾಗಿದ ಹೊಸ ಗಾಯಕ್ಕೆ ತೊಳೆದ ಮೇಲೆ ಒಂದು ಸಲ ರೋಗಾಣು ಕೊಲ್ಲುವ ಪೊವಿಡೋನ್ ಅಯೋಡಿನ್ ಹಚ್ಚಬಹುದು. ಆದರೆ ಕೆಂಪಗೆ ಚೆನ್ನಾಗಿ ತುಂಬಿ ಬರುತ್ತಿರುವ ಗಾಯಕ್ಕೆ ವಾರಗಟ್ಟಲೆ ಅದನ್ನೇ ಸುರಿಯಬೇಡಿ. ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು ದೊಡ್ಡ ಗಾಯಕ್ಕೆ ವೈದ್ಯರನ್ನು ಕೇಳದೆ ಹಚ್ಚಬಾರದು.

ಇನ್ನೊಂದು ರೂಢಿ ನಮಗೆ ಬಹಳ ಕಳವಳ ತರುವಂಥದ್ದು: ಆ್ಯಂಟಿಬಯೋಟಿಕ್ ಕ್ಯಾಪ್ಸೂಲ್ ಬಿಚ್ಚಿ ಪುಡಿ ಉದುರಿಸುವುದು. ಪುಡಿ ರಸಿಗೆಯೊಡನೆ ಗಟ್ಟಿಯಾಗಿ ಸಿಮೆಂಟಿನಂತೆ ಮುಚ್ಚುತ್ತದೆ, ಅಡಿಯಲ್ಲಿ ಕೀವು ತುಂಬಿಕೊಳ್ಳುತ್ತದೆ. ಕೆಲವರಿಗೆ ಅಲರ್ಜಿಯೂ ಆಗುತ್ತದೆ, ಜೊತೆಗೆ ಆ ಮದ್ದಿಗೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ.

ಪ್ರಶ್ನೆ: ಗಾಯದ ಮೇಲೆ ಹಳದಿ ಪೊರೆ ಬಂದಿದೆ. ಕೀವು ಅಂತ ದಿನಾ ಉಜ್ಜಿ ತೆಗೆಯುತ್ತಿದ್ದೇವೆ, ಮತ್ತೆ ಬರುತ್ತದೆ.
— ರೈತರು, ಅರಕಲಗೂಡು

ಉತ್ತರ: ಉಜ್ಜುವುದು ನಿಲ್ಲಿಸಿ. ಹಳದಿ ಇದ್ದದ್ದೆಲ್ಲ ಕೀವಲ್ಲ. ಅಂಟಿಕೊಂಡ ತೆಳು ಹಳದಿ ಪೊರೆ ಬಹಳ ಸಲ ಸತ್ತ ಕಣ ಮತ್ತು ರಸಿಗೆಯ ನಾರು. ಪಸೆ ಉಳಿಸುವ ಪಟ್ಟಿಯಡಿ ಅದು ತಾನಾಗಿ ಸಡಿಲವಾಗುತ್ತದೆ. ದಪ್ಪಗೆ ಕೂತಿದ್ದರೆ ವೈದ್ಯರು ತೆಗೆಯುತ್ತಾರೆ.

ನಂಜಿನ ಗುರುತುಗಳೇ ಬೇರೆ. ಗಾಯವಾದ ಮೊದಲೆರಡು ದಿನ ಅಂಚು ಕೆಂಪಾಗಿ, ಸ್ವಲ್ಪ ಊದಿ, ಬಿಸಿಯಾಗುವುದು ಸಹಜ, ದೇಹದ ರಿಪೇರಿ ಶುರುವಾಗಿದೆ ಎಂದಷ್ಟೇ. ಮೂರನೇ ದಿನದ ಹೊತ್ತಿಗೆ ನೋವು ಇಳಿಯಬೇಕು. ಇಳಿಯುವ ಬದಲು ಏರಿದರೆ, ಮಿಡಿಯತೊಡಗಿದರೆ, ದಪ್ಪ ಕೀವು ಬಂದು ನಾತ ಹೊಡೆದರೆ, ಜ್ವರ ಬಂದರೆ ನಂಜು ಎಂದು ತಿಳಿಯಿರಿ. ಕೆಂಪು ಎಲ್ಲಿಗೆ ನಿಂತಿದೆಯೋ ಅಲ್ಲಿ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದು ಹೊತ್ತು ಬರೆಯಿರಿ. ಕೆಲವೇ ಗಂಟೆಗಳಲ್ಲಿ ಗೆರೆ ದಾಟಿದರೆ, ಅಥವಾ ಗಾಯದಿಂದ ಮೇಲಕ್ಕೆ ಕೆಂಪು ಎಳೆ ಹತ್ತಿದರೆ ಬೆಳಗಾಗಲಿ ಎಂದು ಕಾಯಬೇಡಿ. ಆಗ ಪಟ್ಟಿಯಿಂದ ಆಗುವುದಿಲ್ಲ, ಹೊಟ್ಟೆಗೋ ರಕ್ತನಾಳಕ್ಕೋ ಔಷಧಿ ಬೇಕು.

ಪ್ರಶ್ನೆ: ಅಪ್ಪನಿಗೆ ಸಕ್ಕರೆ ಕಾಯಿಲೆ. ಹೆಬ್ಬೆರಳಿನಡಿ ಹುಣ್ಣಾಗಿ ಎರಡು ತಿಂಗಳಾಯಿತು. ನೋವೇ ಇಲ್ಲ ಅಂತಾರೆ, ಹೊಲಕ್ಕೆ ಹೋಗುತ್ತಾರೆ. ದಿನಾ ಡ್ರೆಸ್ಸಿಂಗ್ ಮಾಡಿಸಿದರೂ ಮಾಯುತ್ತಿಲ್ಲ.
— ಓದುಗರು, ಚನ್ನರಾಯಪಟ್ಟಣ

ಉತ್ತರ: ನೋವಿಲ್ಲ ಎನ್ನುವುದೇ ಇಲ್ಲಿನ ರೋಗ. ಹೆಚ್ಚಿದ ಸಕ್ಕರೆ ವರ್ಷಗಟ್ಟಲೆ ಕಾಲಿನ ನರಗಳನ್ನು ಕೆಡಿಸಿದೆ. ನಮಗಾದರೆ ಚಪ್ಪಲಿಯೊಳಗೆ ಹರಳು ಸಿಕ್ಕರೆ ಎರಡು ಹೆಜ್ಜೆಗೆ ನಿಂತು ಕೊಡವುತ್ತೇವೆ. ಅವರು ಅದನ್ನೇ ತುಳಿಯುತ್ತಾ ಸಂಜೆವರೆಗೆ ನಡೆಯುತ್ತಾರೆ. ಹೆಬ್ಬೆರಳಿನ ಬುಡ ನಡೆಯುವಾಗ ಮೈಭಾರ ಬೀಳುವ ಜಾಗ. ಮೇಲೆ ಎಷ್ಟೇ ಒಳ್ಳೆಯ ಪಟ್ಟಿ ಕಟ್ಟಿದರೂ ಪ್ರತಿ ಹೆಜ್ಜೆಗೆ ಒಳಗಿನ ಹೊಸ ಮಾಂಸ ಜಜ್ಜಿಹೋಗುತ್ತದೆ. ಈ ಹುಣ್ಣಿಗೆ ಮೊದಲ ಚಿಕಿತ್ಸೆ ಭಾರ ಇಳಿಸುವುದು, ಪಟ್ಟಿ ಆಮೇಲೆ. ಅದಕ್ಕೆಂದೇ ಪಾದದ ಅಚ್ಚಿಗೆ ಹೊಂದುವ ಪ್ಲಾಸ್ಟರ್, ವಿಶೇಷ ಬೂಟು, ಒಳಹಾಸಿನಲ್ಲಿ ಹುಣ್ಣಿನ ನೇರಕ್ಕೆ ಗುಳಿ ಮಾಡಿದ ಚಪ್ಪಲಿ ಇವೆ. ಯಾವುದು ಹೊಂದುತ್ತದೆ ಎಂಬುದು ಪಾದ ನೋಡಿ ತೀರ್ಮಾನ.

ವೈದ್ಯರ ಬಳಿ ನಾಲ್ಕು ವಿಷಯ ಕೇಳಿ. ಪಾದದ ನಾಡಿ ಸಿಗುತ್ತಿದೆಯೇ? ರಕ್ತವೇ ಇಳಿಯದ ಕಾಲಿನಲ್ಲಿ ಗಾಯ ಮಾಯುವುದಿಲ್ಲ, ಬಿಗಿ ಪಟ್ಟಿ ಕಟ್ಟಿದರೆ ಇನ್ನೂ ಕೆಡುತ್ತದೆ. ಎಲುಬಿಗೆ ನಂಜು ತಾಗಿದೆಯೇ? ಎರಡು ತಿಂಗಳ ಹುಣ್ಣಿಗೆ ಎಕ್ಸ್‌ರೇ ಬೇಕಾಗುತ್ತದೆ. ಸುತ್ತ ಬೆಳೆದ ಗಟ್ಟಿ ಚರ್ಮವನ್ನು ಕೊಯ್ದು ತೆಗೆಯಬೇಕೇ? ಆ ದಂಡೆ ಇದ್ದಷ್ಟೂ ಒತ್ತಡ ಹೆಚ್ಚು. ಸಕ್ಕರೆ ಹತೋಟಿಯಲ್ಲಿದೆಯೇ?

ಮನೆಯಲ್ಲಿ ವಾರಕ್ಕೊಮ್ಮೆ ಹುಣ್ಣಿನ ಪಕ್ಕ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಸರಿಯಾದ ಚಿಕಿತ್ಸೆಯಲ್ಲಿ ನಾಲ್ಕು ವಾರಕ್ಕೆ ಹುಣ್ಣಿನ ವಿಸ್ತಾರ ಅರ್ಧಕ್ಕಿಳಿಯಬೇಕು. ಇಳಿಯದಿದ್ದರೆ ಪಟ್ಟಿಯ ಬ್ರ್ಯಾಂಡ್ ಬದಲಿಸುವುದಲ್ಲ, ಕಾರಣ ಹುಡುಕಬೇಕು. ರಾತ್ರಿ ಮಲಗುವ ಮುಂಚೆ ಎರಡೂ ಅಂಗಾಲು, ಬೆರಳ ಸಂದು ನೀವೇ ನೋಡಿ, ಅಪ್ಪನಿಗೆ ಬಗ್ಗಿ ನೋಡಲು ಆಗದಿದ್ದರೆ ನೆಲದಲ್ಲಿ ಕನ್ನಡಿ ಇಟ್ಟುಕೊಡಿ. ಬಿಸಿನೀರಿನಲ್ಲಿ ಕಾಲಿಡುವುದು ಬೇಡವೇ ಬೇಡ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಬೀಡಿ ಸೇದುತ್ತಿದ್ದರೆ ಇಂದೇ ನಿಲ್ಲಿಸಲಿ. ಬೆರಳು ಕಪ್ಪಾದರೆ, ಪಾದ ಊದಿ ನಾತ ಬಂದರೆ, ಜ್ವರ ಬಂದರೆ ಅದೇ ದಿನ ಹಾಸನದ ಜಿಲ್ಲಾ ಮಟ್ಟದ ಆಸ್ಪತ್ರೆಗೆ ಹೋಗಿ. ಒಂದು ದಿನ ತಡವಾದರೆ ಬೆರಳಿನಲ್ಲಿ ಮುಗಿಯುವುದು ಮೊಣಕಾಲಿಗೆ ಏರಬಹುದು.

ಪ್ರಶ್ನೆ: ಇಂಬಳ ಕಚ್ಚಿದ ಜಾಗದಲ್ಲಿ ಗಂಟೆಗಟ್ಟಲೆ ರಕ್ತ ಸೋರುತ್ತದೆ. ಪಟ್ಟಿ ಕಟ್ಟಬೇಕೇ?
— ಓದುಗರು, ಶೃಂಗೇರಿ

ಉತ್ತರ: ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇದೆ, ಅದಕ್ಕೇ ಸೋರುತ್ತದೆ. ಉಪ್ಪು, ಸುಣ್ಣ, ಬೆಂಕಿ ತಾಗಿಸಿದರೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು. ಉಗುರಿನ ಅಂಚನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಕೆಳಗೆ ಜಾರಿಸಿ ಬಿಡಿಸಿ. ಸೋಪಿನಲ್ಲಿ ತೊಳೆದು, ಮಡಿಚಿದ ಗಾಜ್ ಇಟ್ಟು ಬಿಗಿಯಾಗಿ ಟೇಪು ಹಾಕಿ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ಮಾತ್ರ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು. ಆಮೇಲಿನ ತುರಿಕೆಗೆ ಕೆರೆದು ಹುಣ್ಣು ಮಾಡಿಕೊಳ್ಳುವವರೇ ಹೆಚ್ಚು, ಉಗುರು ಕತ್ತರಿಸಿಕೊಂಡಿರಿ.

ಪ್ರಶ್ನೆ: ಸುಟ್ಟ ಗಾಯಕ್ಕೆ ಆಲೂಗಡ್ಡೆ ತುರಿದು ಹಾಕುವುದು ನಮ್ಮಲ್ಲಿ ರೂಢಿ. ಆಲೂಗಡ್ಡೆ ಸಿಪ್ಪೆಯಿಂದ ಬ್ಯಾಂಡೇಜ್ ಮಾಡಿದ್ದರು ಅಂತ ಎಲ್ಲೋ ಓದಿದೆ. ನಿಜವೇ?
— ಆಲೂಗಡ್ಡೆ ಬೆಳೆಗಾರರು, ಹಾಸನ ತಾಲ್ಲೂಕು

ಉತ್ತರ: ಓದಿದ್ದು ನಿಜ, ರೂಢಿ ತಪ್ಪು. 1980ರ ದಶಕದಲ್ಲಿ ಮುಂಬಯಿಯ ವೈದ್ಯರು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಗಾಜ್ ಬಟ್ಟೆಗೆ ಅಂಟಿಸಿ, ಆಸ್ಪತ್ರೆಯ ಯಂತ್ರದಲ್ಲಿ ಸ್ಟೆರೈಲ್ ಮಾಡಿ ಸುಟ್ಟ ಗಾಯಕ್ಕೆ ಕಟ್ಟಿದರು. ಮುಂದೆ ಬಾಳೆ ಎಲೆಯನ್ನೂ ಹೀಗೇ ಬಳಸಿದರು. ದುಬಾರಿ ಪಟ್ಟಿ ಸಿಗದ ಕಡೆ ಬಡವರಿಗೆ ಆಗಲಿ ಎಂಬುದು ಉದ್ದೇಶ. ಕೆಲಸ ಮಾಡಿದ್ದು ಆಲೂಗಡ್ಡೆಯ ಔಷಧಗುಣವಲ್ಲ. ಸಿಪ್ಪೆ ಗಾಯಕ್ಕೆ ಅಂಟದೆ, ಪಸೆ ಆರಲು ಬಿಡದೆ ಚರ್ಮದಂತೆ ಮುಚ್ಚಿಕೊಂಡಿತ್ತು. ಮಣ್ಣಿನಿಂದ ಬಂದ ಗಡ್ಡೆಯನ್ನು ಹಸಿಯಾಗಿ ತುರಿದು ಹಾಕುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಬೈಕ್ ಸೈಲೆನ್ಸರ್ ತಾಗಲಿ, ಎಣ್ಣೆ ಸಿಡಿಯಲಿ, ತಣ್ಣೀರು ಧಾರೆ 20 ನಿಮಿಷ. ಸುಟ್ಟು ಮೂರು ಗಂಟೆಯೊಳಗಾದರೆ ಇದರಿಂದ ಪ್ರಯೋಜನವಿದೆ. ಐಸು, ಟೂತ್‌ಪೇಸ್ಟ್, ಇಂಕು, ದೋಸೆಹಿಟ್ಟು ಬೇಡ. ಊತ ಬರುವ ಮುಂಚೆ ಬಳೆ, ಉಂಗುರ ತೆಗೆಯಿರಿ. ಅಂಟಿಕೊಂಡ ಬಟ್ಟೆ ಕೀಳಬೇಡಿ. ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮೇಲೆ ಹಾಸಿ, ಸುತ್ತಬೇಡಿ. ಆಲೆಮನೆಯ ಬೆಲ್ಲದ ಪಾಕ ಕುದಿಯುವ ನೀರಿಗಿಂತ ಬಿಸಿ, ಮೇಲಾಗಿ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಅದಕ್ಕೆ ಯಾವಾಗಲೂ ಆಸ್ಪತ್ರೆಯೇ ಸರಿ. ಗಾಯಗೊಂಡವರ ಸ್ವಂತ ಅಂಗೈ, ಬೆರಳು ಸೇರಿ, ಅವರ ಮೈಚರ್ಮದ ಸುಮಾರು ಶೇ. 1. ಅದಕ್ಕಿಂತ ದೊಡ್ಡದಾದರೆ, ಮುಖ, ಕೈ, ಕೀಲು, ಮರ್ಮಾಂಗ ಸುಟ್ಟಿದ್ದರೆ, ಜಾಗ ಬೆಳ್ಳಗೆ ತೊಗಲಿನಂತಾಗಿ ನೋವೇ ಇಲ್ಲದಿದ್ದರೆ ತಡಮಾಡಬೇಡಿ.

ಪ್ರಶ್ನೆ: ಹೆರಿಗೆ ಆಪರೇಷನ್ ಆದ ಸೊಸೆಗೆ ನಂಜು ಅಂತ ಬೇಳೆ, ಮೊಟ್ಟೆ, ಮೊಸರು, ಬದನೆ ಎಲ್ಲ ನಿಲ್ಲಿಸಿದ್ದೇವೆ. ಗಂಜಿ, ಸಾರು ಅನ್ನ ಮಾತ್ರ. ಎಷ್ಟು ದಿನ ಪಥ್ಯ?
— ಓದುಗರು, ಅರಸೀಕೆರೆ

ಉತ್ತರ: ಒಂದು ದಿನವೂ ಬೇಡ. ನಂಜಾಗುವುದು ರೋಗಾಣುವಿನಿಂದ, ಬದನೆಕಾಯಿಯಿಂದಲ್ಲ. ಹೊಸ ಮಾಂಸ ಕಟ್ಟಲು ಬೇಕಾದ ಸಾಮಗ್ರಿಯೇ ಪ್ರೋಟೀನ್. ನೀವು ನಿಲ್ಲಿಸಿರುವುದು ಅದನ್ನೇ, ಅದೂ ಮಗುವಿಗೆ ಹಾಲು ಕುಡಿಸುವ ಹೊತ್ತಿನಲ್ಲಿ. ಗಾಯ ಮಾಯಬೇಕಾದವರಿಗೆ ಮೈತೂಕದ ಕಿಲೋಗೆ ದಿನಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಒಳ್ಳೆಯದು, 50 ಕಿಲೋ ಇದ್ದರೆ ಸುಮಾರು 62-75 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 200 ಮಿ.ಲೀ. ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ, 100 ಗ್ರಾಂ ಒಣ ಹುರುಳಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು. ಮುದ್ದೆಗೆ ಹುರುಳಿ ಸಾರೋ ಮೊಳಕೆ ಕಾಳಿನ ಸಾರೋ, ಜೊತೆಗೆ ಒಂದು ಮೊಟ್ಟೆ, ಮೊಸರು, ಒಂದು ಸೀಬೆಹಣ್ಣು ಅಥವಾ ನೆಲ್ಲಿಕಾಯಿ ಕೊಡಿ. ಸೀಬೆ, ನೆಲ್ಲಿಯಲ್ಲಿರುವ ಸಿ ಜೀವಸತ್ವ ಇಲ್ಲದೆ ಗಾಯ ಬೆಸೆಯುವ ನಾರು ಗಟ್ಟಿಯಾಗುವುದಿಲ್ಲ. ಮೂರು ವಾರದ ಗಾಯಕ್ಕೆ ಮೂಲ ಚರ್ಮದ ಐದನೇ ಒಂದರಷ್ಟೇ ಗಟ್ಟಿತನ, ಮೂರು ತಿಂಗಳ ಮೇಲೂ ಶೇ. 80ರ ಆಸುಪಾಸು. ಹಾಗಾಗಿ ಕೊಡ ಎತ್ತಿಸುವುದನ್ನು ಬೇಕಾದರೆ ನಿಲ್ಲಿಸಿ, ಊಟ ನಿಲ್ಲಿಸಬೇಡಿ.

ಪ್ರಶ್ನೆ: ಮೆಡಿಕಲ್ ಶಾಪಿನಲ್ಲಿ ಫೋಮ್, ಸಿಲ್ವರ್, ಆಲ್ಜಿನೇಟ್ ಅಂತ ದುಬಾರಿ ಪಟ್ಟಿಗಳಿವೆ. ದುಡ್ಡಿಗೆ ತಕ್ಕ ಗುಣ ಉಂಟೇ? ಜೇನುತುಪ್ಪ ಹಚ್ಚಿದರೆ ಸಾಲದೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಗಾಯ ಎಷ್ಟು ಸೋರುತ್ತಿದೆ ಎಂದು ನೋಡಿ ಆರಿಸಿದರೆ ಉಂಟು, ಬೆಲೆ ನೋಡಿ ಆರಿಸಿದರೆ ಇಲ್ಲ. ಸೋರದ ತೆಳು ತರಚಿಗೆ ಪ್ಯಾರಾಫಿನ್ ಸವರಿದ ಜಾಳಿಗೆ ಪಟ್ಟಿ ಸಾಕು, ಅಗ್ಗ. ಸ್ವಲ್ಪ ಸೋರುವ ಗಾಯಕ್ಕೆ ಹೈಡ್ರೋಕೊಲಾಯ್ಡ್: ರಸಿಗೆ ಹೀರಿ ಒಳಗೆ ಹಳದಿ ಜೆಲ್ ಆಗುತ್ತದೆ, ವಾಸನೆಯೂ ಇರುತ್ತದೆ. ಅದನ್ನು ಕಂಡು ಕೀವೆಂದು ಗಾಬರಿಯಾಗಬೇಡಿ. ಹೆಚ್ಚು ಸೋರುವುದಕ್ಕೆ ಫೋಮ್. ಆಲ್ಜಿನೇಟ್ ಕಡಲಪಾಚಿಯ ನಾರು, ರಸಿಗೆಯಲ್ಲಿ ನೆನೆದು ಜೆಲ್ ಆಗುತ್ತದೆ, ರಕ್ತ ಒಸರುವುದನ್ನೂ ತಡೆಯುತ್ತದೆ. ಒಣ ಗಾಯಕ್ಕೆ ಅದನ್ನಿಟ್ಟರೆ ಇದ್ದ ಪಸೆಯನ್ನೂ ಎಳೆದುಕೊಂಡು ಅಂಟಿಕೊಳ್ಳುತ್ತದೆ. ಸಿಲ್ವರ್ ನಂಜು ಇದ್ದಾಗ ಸ್ವಲ್ಪ ಕಾಲ ಮಾತ್ರ, ಶುದ್ಧ ಗಾಯಕ್ಕೆ ದುಡ್ಡು ದಂಡ. ದೊಡ್ಡ ಆಳದ ಗಾಯಕ್ಕೆ ವ್ಯಾಕ್ಯೂಮ್ ಡ್ರೆಸ್ಸಿಂಗ್ ಇದೆ. 1997ರಲ್ಲಿ ಆರ್ಜೆಂಟಾ ಮತ್ತು ಮೊರಿಕ್ವಾಸ್ ಎಂಬ ಅಮೆರಿಕನ್ನರು ಪ್ರಕಟಿಸಿದ ವಿಧಾನ: ಗಾಯದೊಳಗೆ ಸ್ಪಂಜು ಇಟ್ಟು, ಮೇಲೆ ಗಾಳಿಯಾಡದ ಹಾಳೆ ಅಂಟಿಸಿ, ಸಾಮಾನ್ಯವಾಗಿ 125 ಮಿ.ಮೀ. ಪಾದರಸದ ಒತ್ತಡದಲ್ಲಿ ರಸಿಗೆ ಹೀರುವುದು. ಎರಡು-ಮೂರು ದಿನಕ್ಕೊಮ್ಮೆ ಬದಲಿಸಿದರೆ ಸಾಕು. ಸತ್ತ ಮಾಂಸ ತೆಗೆಯದೆ ಇದನ್ನು ಕೂರಿಸಬಾರದು.

ಜೇನಿನಲ್ಲಿ ಗುಣವಿದೆ. ಅದರ ಸಕ್ಕರೆ ನೀರೆಳೆದು ರೋಗಾಣುವನ್ನು ಒಣಗಿಸುತ್ತದೆ. ಆದರೆ ಗಾಯಕ್ಕೆ ಬಳಸುವ ಜೇನನ್ನು ವಿಕಿರಣ ಹಾಯಿಸಿ ಶುದ್ಧ ಮಾಡಿರುತ್ತಾರೆ. ತೋಟದ ಪೆಟ್ಟಿಗೆಯ ಜೇನಿನಲ್ಲಿ ಬೀಜಾಣುಗಳಿರಬಹುದು, ಅದು ರೊಟ್ಟಿಗಿರಲಿ.

ಪ್ರಶ್ನೆ: ನಾಯಿ ಕಚ್ಚಿದ ಗಾಯಕ್ಕೆ ಪಟ್ಟಿ ಕಟ್ಟಬಾರದು ಅಂತಾರೆ. ಯಾಕೆ? ಮತ್ತೆ ಪ್ರತಿ ಗಾಯಕ್ಕೂ ಟಿ.ಟಿ. ಬೇಕೇ?
— ಓದುಗರು, ತರೀಕೆರೆ

ಉತ್ತರ: ರೇಬೀಸ್ ವೈರಸ್ಸನ್ನು ನೀರು-ಸೋಪಿನಿಂದ ತೊಳೆದು ಕಳೆಯಬೇಕು. ಮುಚ್ಚಿಟ್ಟರೆ, ಹೊಲಿದರೆ ಒಳಗೇ ಉಳಿದು ನರ ಹಿಡಿಯುವ ಅಪಾಯ ಹೆಚ್ಚು. ನಲ್ಲಿ ನೀರು, ಸೋಪು, 15 ನಿಮಿಷ, ಆಮೇಲೆ ಪೊವಿಡೋನ್ ಅಯೋಡಿನ್. ಮೆಣಸಿನಪುಡಿ, ಸುಣ್ಣ ಬೇಡ. ಅದೇ ದಿನ ಲಸಿಕೆ ಶುರುವಾಗಬೇಕು. ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7 ಮತ್ತು 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ಮಂಗ ಕಚ್ಚಿದರೂ ಇದೇ ಕ್ರಮ.

ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಧನುರ್ವಾಯು ತಡೆಯುವ ಟಿ.ಟಿ. ಬದಲು ಡಿಫ್ತೀರಿಯಾಕ್ಕೂ ಸೇರಿದ ಟಿ.ಡಿ. ಕೊಡುತ್ತಾರೆ. ಮೊದಲ ಮೂರು ಡೋಸ್ ಪೂರ್ತಿ ಆಗಿದ್ದವರಿಗೆ ಶುದ್ಧ ಸಣ್ಣ ಗಾಯವಾದರೆ ಹತ್ತು ವರ್ಷದೊಳಗೆ ಮತ್ತೆ ಬೇಡ. ಮಣ್ಣು, ಸಗಣಿ ತಾಗಿದ ಅಥವಾ ಆಳವಾಗಿ ಚುಚ್ಚಿದ ಗಾಯವಾದರೆ ಐದು ವರ್ಷ ದಾಟಿದ್ದಾಗ ಒಂದು. ಹಿಂದೆ ಎಂದು ತೆಗೆದುಕೊಂಡದ್ದೆಂದು ಬಹಳ ಜನಕ್ಕೆ ನೆನಪಿರುವುದಿಲ್ಲ. ಈ ಸಲ ಹಾಕಿಸಿಕೊಂಡ ತಾರೀಕನ್ನು ಚೀಟಿಯಲ್ಲಿ ಬರೆಸಿ, ರೇಷನ್ ಕಾರ್ಡಿನ ಜೊತೆಗಿಡಿ.